ಮೆತ್ತಗಿನ ಗಾಡಿ

—ಬಂತು, ಹೋಯಿತು, ಏನೂ ಆಗಲಿಲ್ಲ, ಅಷ್ಟು ದೊಡ್ಡ ಏಣು, ಗಾಳಿ ಬಡಿದು ಬಡಿದು ಕಲ್ಲು ಮಾಡಿಟ್ಟ ಹಿಮ, ನಿನ್ನೆಯಾದರೆ ಇಂಥದ್ದೊಂದನ್ನು ದಾಟುವಾಗ ಸೊಂಟದಿಂದ ಎಡಗಾಲಿನ ಕಿರುಬೆರಳಿನವರೆಗೆ ಕಾದ ತಂತಿ ಎಳೆದ ಹಾಗಾಗುತ್ತಿತ್ತು, ಕಣ್ಣಲ್ಲಿ ಬಂದ ನೀರು ರೆಪ್ಪೆಯಲ್ಲೇ ಹೆಪ್ಪುಗಟ್ಟುತ್ತಿತ್ತು, ಇವತ್ತು ಏನೂ ಇಲ್ಲ, ಹಿಮಗಾಡಿಯ ಮೂಗು ಎದ್ದಿತು, ಇಳಿಯಿತು, ಅಷ್ಟೇ, ಹಾಗಾದರೆ ಪಿಯೆರಾ ಹೇಳಿದ್ದು ಸುಳ್ಳಲ್ಲ, ಊರಿನ ಗಾಡಿಗಳನ್ನೆಲ್ಲ ಬಿಚ್ಚಿ ಜೋಡಿಸುವವನು, ಬಾಯಿ ಹರಕ, ಆದರೆ ಕೈ ಸುಳ್ಳು ಹೇಳುವುದಿಲ್ಲ, ಹಳೇ ಶಾಕಬ್ಸರ್ ಬಿಸಾಕು ರಾವ್ನಾ, ಈ ಹೊಸ ಗಾಳಿ ಶಾಕಬ್ಸರ್ ಹಾಕ್ಕೊಂಡ್ರೆ ತೊಟ್ಟಿಲಲ್ಲಿ ಮಲಗಿಸಿದ ಹಾಗೆ ಹೋಗ್ತೀಯ ಅಂದಿದ್ದ, ಒಂದು ದಿನ ಓಡಿಸಿ ನೋಡು, ಬೇಡ ಅನಿಸಿದರೆ ಸಂಜೆ ಬಿಚ್ಚಿ ಕೊಡುತ್ತೇನೆ ಅಂದಿದ್ದ, ಸಂಜೆಯೊಳಗೆ ಹೇಳಬೇಕು, ಬೇಕು ಅಥವಾ ಬೇಡ, ಅವನಿಗೆ ಅದು ಎರಡು ಕೊಳವೆಯ ಮಾತು, ನನಗೆ— ಬೇಡ, ಆ ಕಡೆ ಯೋಚನೆ ಹರಿಸಬೇಡ, ದಾರಿ ನೋಡು, ಹೆಪ್ಪುಗಟ್ಟಿದ ಕೆರೆ ಮುಗಿಯುತ್ತಿದೆ, ಮುಂದೆ ಬರ್ಚ್ ಪೊದೆ, ಆಮೇಲೆ ಏರು, ಹಿಂದೆ ಅಣ್ಣನ ಗಾಡಿ, ಹೇಯ್ಕಣ್ಣ ಹತ್ತಿರ ಬರುತ್ತಲೂ ಇಲ್ಲ, ದೂರ ಉಳಿಯುತ್ತಲೂ ಇಲ್ಲ, ಕಾವಲು ಕಾಯುವವನ ಹಾಗೆ, ಕಾಲು ಎಲ್ಲಿದೆ, ಎಡಗಾಲು, ಬಗ್ಗಿ ನೋಡು, ಇದೆ, ಕಾಲಿಡುವ ಹಲಗೆಯ ಮೇಲೇ ಇದೆ, ಮೇಲಕ್ಕೆ ಬಾಗಿದ ಬೂಟಿನ ಮೂತಿ, ಕಣಕಾಲಿಗೆ ಸುತ್ತಿದ ಕೆಂಪು ಪಟ್ಟಿ, ಇದೆ. ಈಗೀಗ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಮೊದಲು ಹೀಗಿರಲಿಲ್ಲ, ಚಳಿಗಾಲದ ಮೊದಲಲ್ಲಿ ಬರೀ ನೋವು, ನೋವಾದರೆ ಏನು, ಹಿಮಸಾರಂಗ ಕಾಯುವವರಲ್ಲಿ ಸೊಂಟ ನೋಯದವರು ಯಾರಿದ್ದಾರೆ, ಹಗಲೆಲ್ಲ ಗಾಡಿಯ ಮೇಲೆ ಕುಕ್ಕಿಸಿಕೊಂಡು ಮಂದೆಯ ಹಿಂದೆ ಓಡುವುದು, ಸಂಜೆ ಬೆನ್ನಿಗೆ ಬಿಸಿ ಚರ್ಮ ಕಟ್ಟಿಕೊಂಡು ಮಲಗುವುದು, ಆಮೇಲೆ ಒಂದು ದಿನ ಬೂಟು ಬಿಚ್ಚಿದರೆ ಒಳಗಿನ ಹುಲ್ಲು ಕೆಂಪಾಗಿತ್ತು, ಬೂಟಿಗೆ ತುಂಬುವ ಒಣಹುಲ್ಲನ್ನು ನಾನೇ ಬಡಿದು ಮೆತ್ತಗೆ ಮಾಡಿದ್ದೆ, ಆದರೂ ಅದರಲ್ಲಿ ಒಂದು ಕಡ್ಡಿ ಉಳಿದಿತ್ತು, ಬೆರಳಿನಷ್ಟು ಉದ್ದದ ಕಡ್ಡಿ, ದಿನವೆಲ್ಲ ಅಂಗಾಲಿಗೆ ಚುಚ್ಚಿಕೊಂಡೇ ಇತ್ತು, ನನಗೆ ಗೊತ್ತೇ ಆಗಲಿಲ್ಲ, ಹುಲ್ಲನ್ನು ಒಲೆಗೆ ಹಾಕಿದೆ, ಯಾರೂ ನೋಡುವ ಮೊದಲೇ, ಉರಿಯುವುದನ್ನು ನೋಡುತ್ತ ಕೂತೆ, ಅವತ್ತು ಹುಟ್ಟಿದ ಹೆದರಿಕೆ ಇನ್ನೂ ಹೋಗಿಲ್ಲ. ಕರಾವಳಿಯ ಆಸ್ಪತ್ರೆಗೆ ಹೋದದ್ದು ಯಾರಿಗೂ ಗೊತ್ತಿಲ್ಲ, ಅಣ್ಣನಿಗೆ ಚರ್ಮ ಮಾರಲು ಹೋಗುತ್ತೇನೆ ಅಂದೆ, ದಕ್ಷಿಣದ ಕಡೆಯ ಡಾಕ್ಟರಮ್ಮ, ಚಿಕ್ಕ ವಯಸ್ಸು, ಬೆನ್ನುಮೂಳೆಯ ನಡುವಿನ ಮೆತ್ತೆ ಹೊರಕ್ಕೆ ಉಬ್ಬಿ ನರ ಒತ್ತುತ್ತಿದೆ ಅಂದಳು, ಆಪರೇಷನ್ ಮಾಡಿಸಿ, ಇನ್ನು ಗಾಡಿ ಹತ್ತಬೇಡಿ, ಒಂದು ಜೋರು ಏಟು ಸಾಕು, ನಾನು ಕೇಳಿದೆ, ಯಾವಾಗ ಆಪರೇಷನ್, ಅವಳು ಹೇಳಿದ್ದು ಸರಿಯಾಗಿ ಮಂದೆ ಹೊರಡುವ ಹೊತ್ತು, ಬಸಿರಾದ ಸಾರಂಗಗಳು ಕಡಲ ಕಡೆಗೆ ಮುಖ ಮಾಡುವ ಹೊತ್ತು, ಅವು ಯಾರಿಗೂ ಕಾಯುವುದಿಲ್ಲ ಡಾಕ್ಟ್ರೇ, ಅಂದೆ, ಅವಳು ನಗಲಿಲ್ಲ, ನೋವು ಇರೋವರೆಗೂ ನರ ಜೀವಂತ ಇದೆ ಅಂತ ತಿಳ್ಕೊಳ್ಳಿ, ಒಂದು ದಿನ ನೋವು ತಾನಾಗೇ ನಿಂತುಹೋದ್ರೆ ಸಂತೋಷ ಪಡಬೇಡಿ, ಅವತ್ತೇ ಬನ್ನಿ, ಅಂದಳು— ಹೂಂ, ಅವಳಿಗೇನು ಗೊತ್ತು, ಹೊಸ ಶಾಕಬ್ಸರ್ ಹಾಕಿದರೂ ನೋವು ನಿಲ್ಲುತ್ತದೆ ಅಂತ ಅವಳಿಗೆ ಯಾರು ಹೇಳಿದ್ದಾರೆ, ಏಟೇ ತಗಲದಿದ್ದರೆ ನೋಯುವುದೆಲ್ಲಿಂದ, ನೋಡು, ಇದೋ ಇನ್ನೊಂದು ಏಣು, ದಾಟಿತು, ಏನೂ ಇಲ್ಲ, ಹಲ್ಲು ಮಾತ್ರ ಕಟಕ್ ಅಂದಿತು, ಅದು ಚಳಿಗೆ, ನಾಲಿಗೆ ಕಚ್ಚಿಕೊಂಡೆ, ಅದು ನನ್ನ ತಪ್ಪು, ಬಾಯಿ ತೆರೆದುಕೊಂಡು ಓಡಿಸಿದರೆ ಇನ್ನೇನಾಗುತ್ತದೆ, ಕಾಲು, ಕಾಲು ನೋಡು, ಬಾಗಿದ ಮೂತಿ, ಕೆಂಪು ಪಟ್ಟಿ, ಇದೆ.

ಪಿಯೆರಾನ ಷೆಡ್ಡು ಒಲೆಯ ಬಿಸಿಗೆ ಬೆವರುತ್ತಿತ್ತು, ಬೆಳಿಗ್ಗೆ, ಅಂಗಿಯ ತೋಳು ಮಡಿಸಿಕೊಂಡು ಪಂಪು ಒತ್ತುತ್ತಿದ್ದ, ಹಳೆಯವಕ್ಕೆ ಗಾಳಿಯ ಕೋಣೆ ಒಂದೇ, ಹೊಸವಕ್ಕೆ ಎರಡು, ಸಣ್ಣ ಏಟಿಗೆ ಒಂದು, ದೊಡ್ಡ ಏಟಿಗೆ ಇನ್ನೊಂದು ಅಂತ ವಿವರಿಸುತ್ತಿದ್ದ, ಕಾಫಿಯಲ್ಲಿ ಒಣಮಾಂಸದ ಚೂರು ನೆನೆಹಾಕಿ ಕೊಟ್ಟಿದ್ದ, ನಾನು ಗೋಡೆಗೆ ಒರಗಿಸಿದ ಬೆಂಚಿನ ಮೇಲೆ ಕೂತಿದ್ದೆ, ಅವನ ಮಾತೆಲ್ಲ ಕಿವಿಗೆ ಬೀಳುತ್ತಿತ್ತು, ಕಣ್ಣು ಮಾತ್ರ ಬಾಗಿಲ ಹೊಸ್ತಿಲ ಮೇಲೆ, ಎತ್ತರದ ಹೊಸ್ತಿಲು, ಬರುವಾಗ ಬೂಟಿನ ಮೂತಿ ಅದಕ್ಕೆ ಸಿಕ್ಕಿಕೊಂಡಿತ್ತು, ಅವನು ಬೆನ್ನು ತಿರುಗಿಸಿದ್ದರಿಂದ ಬದುಕಿದೆ, ಅವನು ಕಂಡಿದ್ದರೆ ಮಧ್ಯಾಹ್ನದೊಳಗೆ ಕಣಿವೆಗೆಲ್ಲ ಗೊತ್ತಾಗುತ್ತಿತ್ತು, ರಾವ್ನಾ ಕಾಲೆಳೀತಾಳೆ, ಅಂತ. ಗಾಳಿ ತುಂಬಿ ಮುಗಿಸಿ ಹೇಳಿದ, ಇದು ಲೆಕ್ಕಕ್ಕಿಲ್ಲ, ಗಾಡಿ ಹೊರಗಡೆ ನಿಂತು ಚಳಿ ಕುಡೀಲಿ, ಆಮೇಲೆ ಇನ್ನೊಂದ್ಸಲ ತುಂಬ್ತೀನಿ, ಅಲ್ಲೀವರೆಗೂ ಕೂತ್ಕೋ, ನನ್ನ ಹೊಸ ಜೋಕು ಕೇಳು, ಅಂದ, ಕೂತುಕೊಳ್ಳುವುದೇ, ಇನ್ನಷ್ಟು ಹೊತ್ತು ಕೂತರೆ ಈ ಕಾಲು ಮರದ ಕೊರಡಾಗುತ್ತದೆ, ಆಮೇಲೆ ಎದ್ದು ಆ ಹೊಸ್ತಿಲು ದಾಟುವುದು ಹೇಗೆ, ಬೆಳಕು ಹೋಗುತ್ತೆ ಪಿಯೆರಾ, ನಿನ್ನ ಜೋಕು ಮದುವೆಗೆ ಇಟ್ಕೋ ಅಂದೆ, ಮದುವೆ ಆಗೋಕೆ ನೀನು ಒಪ್ಪಬೇಕಲ್ಲ ಅಂದ, ಯಾವಾಗಲೂ ಇದೇ, ನಕ್ಕೆ, ನಗುತ್ತಲೇ ಗಾಡಿಯನ್ನು ಷೆಡ್ಡಿನೊಳಗೇ ಹತ್ತಿ ಚಾಲೂ ಮಾಡಿ ಹೊರಟುಬಿಟ್ಟೆ, ಹಿಂದಿನಿಂದ ಏನೋ ಕೂಗಿದ, ಕೇಳಲಿಲ್ಲ.

ಹೊರಗೆ ಅಣ್ಣ ಕಾಯುತ್ತಿದ್ದ, ನಾನೂ ಬರ್ತೀನಿ, ನಿನ್ನ ತೊಟ್ಟಿಲು ನೋಡೋಣ ಅಂದ, ಅವನಿಗೆ ಏನೋ ವಾಸನೆ ಬಡಿದಿದೆ, ಮೊನ್ನೆ ಊಟದ ಹೊತ್ತಿಗೆ ನನ್ನ ಮುಖ ನೋಡದೆ ಹೇಳಿದ, ಈ ಸಲ ಮಂದೆ ಮುಂದೆ ನಿಧಾನಕ್ಕೆ ಹೋಗೋ ಬಂಡಿ ಹಿಡಿ, ಹಿಂದೆ ಓಡಿಸೋಕೆ ಬೇರೆಯವರಿದ್ದಾರೆ, ಯಾಕೆ, ನಾನು ಮುದುಕಿಯಾದೆನಾ ಅಂತ ಕೇಳಿದೆ, ಅವನು ಎಲುಬಿನ ಮಜ್ಜೆ ಚೀಪತೊಡಗಿದ. ನನ್ನ ಮಂದೆ ಅವನ ಮಂದೆಯ ಜೊತೆಗೇ ಮೇಯುತ್ತದೆ, ಯಾರದೆಂದು ತಿಳಿಯಲು ಕಿವಿಯಲ್ಲಿ ಕೊಯ್ದ ಗುರುತು ಮಾತ್ರ ಬೇರೆ, ಅದು ಅಮ್ಮನ ಗುರುತು, ತೊಟ್ಟಿಲಲ್ಲಿದ್ದಾಗಲೇ ನನ್ನ ಹೆಸರಿಗೆ ಬಂದದ್ದು, ಕರುವಿನ ಕಿವಿಗೆ ಆ ಗುರುತು ಕೊಯ್ಯಬೇಕಾದರೆ ಓಡಬೇಕು, ಹಗ್ಗ ಬೀಸಬೇಕು, ಬಿದ್ದ ಕರುವಿನ ಮೇಲೆ ಮೊಣಕಾಲೂರಿ ಕೂರಬೇಕು, ಇಲ್ಲದಿದ್ದರೆ ನೀಲಾಸ್ ಮಾವನ ಹಾಗೆ, ಅವನ ಗಾಡಿ ಕಮರಿಗೆ ಬಿದ್ದ ಮೇಲೆ ಸೊಂಟದಿಂದ ಕೆಳಗೆ ಏನೂ ಉಳಿಯಲಿಲ್ಲ, ಬೇಸಿಗೆಯಲ್ಲಿ ಬೇಲಿಯ ಬಾಗಿಲಲ್ಲಿ ಗಾಲಿಕುರ್ಚಿ, ಕಾಲ ಮೇಲೆ ಕಂಬಳಿ, ಹುಡುಗರು ಕರುವನ್ನು ಹಿಡಿದು ತಂದು ಅವನ ಮಡಿಲಲ್ಲಿಡುತ್ತಾರೆ, ಕೈಗೆ ಚಾಕು ಕೊಡುತ್ತಾರೆ, ಮಾವ ನೀನೇ ಮಾಡು ಅನ್ನುತ್ತಾರೆ, ಎಷ್ಟು ಒಳ್ಳೆಯ ಹುಡುಗರು, ಅವನು ಕೊಯ್ಯುತ್ತಾನೆ, ಎಲ್ಲರೂ ಬೇರೆ ಕಡೆ ನೋಡುತ್ತಾರೆ, ಒಮ್ಮೆ ಕರು ಅವನ ಮಡಿಲಲ್ಲೇ ಉಚ್ಚೆ ಹೊಯ್ದಿತ್ತು, ಕಂಬಳಿ ತೊಯ್ದು ಆವಿಯೇಳುತ್ತಿತ್ತು, ಅವನಿಗೆ ಗೊತ್ತಾಗಲೇ ಇಲ್ಲ, ನಗುತ್ತ ಮಾತಾಡುತ್ತಲೇ ಇದ್ದ, ದೇವರೇ, ಬೇಡ, ಸಾಯುವುದಕ್ಕೆ ನಾನು ಹೆದರುವುದಿಲ್ಲ, ಆ ಕಂಬಳಿಗೆ ಹೆದರುತ್ತೇನೆ, ಎಡಗಾಲು, ನೋಡು, ಮೂತಿ, ಕೆಂಪು ಪಟ್ಟಿ, ಇದೆ, ಇದೆ.

ಏರು ಬಂತು, ಕೈ ಬಿಗಿ ಮಾಡು, ಇಲ್ಲಿ ಗಾಳಿ ಹಿಮವನ್ನು ಮೆಟ್ಟಿಲು ಮೆಟ್ಟಿಲಾಗಿ ಕೊರೆದಿದೆ, ಇದೇ ಪರೀಕ್ಷೆ, ಇಲ್ಲಿ ನೋಯದಿದ್ದರೆ ಇನ್ನೆಲ್ಲೂ ನೋಯುವುದಿಲ್ಲ, ಒಂದು, ಏನೂ ಇಲ್ಲ, ಇನ್ನೊಂದು, ಏನೂ ಇಲ್ಲ, ಗಾಡಿಯ ಹಿಡಿ ಕೈಯಲ್ಲಿ ಕುಣಿಯುತ್ತಿದೆ, ಕುಣಿಯಲಿ, ಅದು ಹಳೆಯ ಹಿಡಿ, ಕೆಳಗೆ ಏನೂ ಇಲ್ಲ, ಮೋಡದ ಮೇಲೆ ಕೂತಿದ್ದೇನೆ, ನೋವಿಲ್ಲ, ಎಷ್ಟು ತಿಂಗಳಾಯಿತು ನೋವಿಲ್ಲದೆ ಉಸಿರೆಳೆದು, ನನಗೆ ನಗು ಬರುತ್ತಿದೆ, ಅಳುವೂ ಬರುತ್ತಿದೆ, ಪಿಯೆರಾ, ನಿನ್ನ ಕೈಗೆ ಬೆಣ್ಣೆ ಹಚ್ಚುತ್ತೇನೆ, ನಿನ್ನ ಹಾಳು ಜೋಕೆಲ್ಲ ಕೇಳುತ್ತೇನೆ, ಇಟ್ಟುಕೊಳ್ಳುತ್ತೇನೆ ಇವನ್ನು, ಬಿಚ್ಚಬೇಡ, ಇಟ್ಟುಕೊಳ್ಳುತ್ತೇನೆ, ಡಾಕ್ಟರಮ್ಮನಿಗೆ ಆಮೇಲೆ ಹೇಳಿದರಾಯಿತು, ಬೇಸಿಗೆ ಕಳೆಯಲಿ, ಕರುಗಳಿಗೆ ಗುರುತು ಹಾಕಿ ಮುಗಿಯಲಿ, ಕಡಲ ಕಡೆಗೆ ಮಂದೆ ಹೊರಟಾಗ ಹಿಂದೆ ಓಡಿಸುವವಳು ನಾನೇ, ಅಣ್ಣ ನೋಡಲಿ, ಎಲುಬು ಚೀಪುತ್ತ ನೋಡಲಿ, ಇನ್ನೊಂದು ಮೆಟ್ಟಿಲು, ಹಾರಿತು, ಇಳಿಯಿತು, ಏನೂ ಇಲ್ಲ ಏನೂ ಇಲ್ಲ, ತುದಿ ಬಂತು, ನಿಲ್ಲಿಸು.

ಇಂಜಿನ್ ಆರಿಸಿದೆ, ಎಷ್ಟು ನಿಶ್ಶಬ್ದ, ಕೆಳಗೆ ಅಣ್ಣನ ಗಾಡಿ ಏದುಸಿರು ಬಿಡುತ್ತ ಹತ್ತುತ್ತಿದೆ, ಬಂದ, ನಿಲ್ಲಿಸುವ ಮೊದಲೇ ಧುಮುಕಿದ, ಟೋಪಿ ಕಿತ್ತೆಸೆದ, ಮುಖ ಬಿಳಿಚಿಕೊಂಡಿದೆ, ಏನಣ್ಣ, ಚಳಿಯಾಯ್ತಾ, ನಾನು ನಗುತ್ತಿದ್ದೇನೆ, ಇಟ್ಕೋತೀನಿ ಅಣ್ಣ, ಬೆಣ್ಣೆ ಹಾಗಿದೆ, ಒಂದೇಟೂ ತಗುಲಲಿಲ್ಲ, ಅವನು ನನ್ನ ಗಾಡಿಯ ಮುಂದೆ ಮೊಣಕಾಲೂರಿದ, ಕೈಗವಸು ತೆಗೆದು ಶಾಕಬ್ಸರ್ ಮುಟ್ಟಿದ, ಒಂದೇ ಕೈಯಿಂದ ಗಾಡಿಯ ಮೂಗನ್ನು ಒತ್ತಿದ, ಅದು ಹಾಗೇ ಕೆಳಗೆ ಕೂತಿತು, ಮತ್ತೆ ಏಳಲಿಲ್ಲ, ಟಣ್ ಅಂತ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು. ಹಿಂದಕ್ಕೆ ಹೋಗಿ ಅಲ್ಲೂ ಒತ್ತಿದ, ಟಣ್. ಇದರಲ್ಲಿ ಗಾಳೀನೇ ಇಲ್ಲ ಕಣೇ ಅಂದ, ಬಿಸೀಲಿ ತುಂಬಿದ್ದು, ಚಳಿಗೆ ಕುಗ್ಗಿದೆ, ಮಿಕ್ಕಿದ್ದು ಎಲ್ಲಿಂದಲೋ ಸೋರಿಹೋಗಿದೆ, ಕೆರೆ ದಾಟಿದಾಗಿಂದ ಪ್ರತಿ ಏಟೂ ತಳ ಹೊಡೀತಿತ್ತು, ನನ್ನ ಇಂಜಿನ್ ಸದ್ದಿನ ಮೇಲೂ ನನಗೆ ಕೇಳಿಸ್ತಿತ್ತು, ಕೂಗಿದೆ, ಕೈ ಬೀಸಿದೆ, ನೀನು ನಿಲ್ಲಿಸಲೇ ಇಲ್ಲ, ಹೇಗೆ ಕೂತಿದ್ದೆ ರಾವ್ನಾ ನೀನು ಇದರ ಮೇಲೆ, ಅವನ ದನಿ ಸಣ್ಣದಾಗಿದೆ, ಚಿಕ್ಕಂದಿನಲ್ಲಿ ನಾನು ಮಂಜುಗಡ್ಡೆ ಒಡೆದು ನೀರಿಗೆ ಬಿದ್ದಾಗ ಹೀಗೇ ಆಗಿತ್ತು ಅವನ ದನಿ, ನಿಂಗೆ ನೋವಾಗಲಿಲ್ವಾ ಅಂತ ಕೇಳುತ್ತಿದ್ದಾನೆ, ಇಲ್ಲ, ನೋವಾಗಲಿಲ್ಲ, ಏನೂ ಆಗಲಿಲ್ಲ, ಆಗಲಿಲ್ಲ, ಅವನ ಕಣ್ಣು ಈಗ ನನ್ನ ಮುಖದ ಮೇಲಿಲ್ಲ, ಕೆಳಗೆ ನೋಡುತ್ತಿದ್ದಾನೆ, ಹಲಗೆಯ ಕಡೆಗೆ, ನಾನು ನೋಡಬಾರದು, ಏರು ಹತ್ತುವಾಗ ನೋಡಿದ್ದೆನಾ, ಇಲ್ಲ, ನಗುತ್ತಿದ್ದೆ, ನೋಡಲೇ ಇಲ್ಲ, ನೋಡು, ಹಲಗೆ ಖಾಲಿ, ಹಲಗೆಯ ಮೇಲೆ ಬರೀ ಹಿಮ, ಆಚೆಗೆ ಉದ್ದಕ್ಕೆ ಗೀರು, ಏರಿನ ಬುಡದಿಂದ ಇಲ್ಲಿಯವರೆಗೆ ಎಳೆದ ಗೀರು, ಅದರ ಕೊನೆಯಲ್ಲಿ ಬಿಚ್ಚಿಹೋದ ಕೆಂಪು ಪಟ್ಟಿ, ಅಂಗಾಲು ಆಕಾಶಕ್ಕೆ, ಬೂಟಿನ ಬಾಗಿದ ಮೂತಿ, ಹಿಮದೊಳಗೆ, ಹಿಂದಕ್ಕೆ ತಿರುಗಿಕೊಂಡು—