ಎರಡೂ ಎಡಗೈ

ಉದ್ಯೋಗ ಎಂಬ ಕಾಲಮ್ಮಿನಲ್ಲಿ ‘ಗೃಹಿಣಿ’ ಎಂದು ಬರೆಯಲು ಹೆಡ್‌ಕ್ಲಾರ್ಕು ಪೆನ್ನು ಊರುವಷ್ಟರಲ್ಲಿ ಅವನು ಫಾರಮ್ಮಿನ ಮೇಲೆ ಅಂಗೈ ಇಟ್ಟುಬಿಟ್ಟ.

“ಕೈ ತೆಗಿಯೋ.”

“ತೆಗಿಯಲ್ಲ. ಅದನ್ನ ಬರೀಬೇಡಿ.”

“ಮತ್ತಿನ್ನೇನು, ನಮ್ಮ ಅತ್ತಿಗೆ ವಿಮಾನ ಓಡಿಸ್ತಿದ್ರು ಅಂತ ಬರೀಲಾ?”

ಪ್ಲಾಸ್ಟಿಕ್ ಕುರ್ಚಿಗಳ ಸಾಲಿನಲ್ಲಿ ಯಾರೋ ಬಂದ ನಗುವನ್ನು ಕೆಮ್ಮಾಗಿ ಬದಲಿಸಿಕೊಂಡರು. ನಡುಮನೆಯಲ್ಲಿ ದೊಡ್ಡಮ್ಮ ಕೊರಳವರೆಗೆ ಬಿಳಿ ಬಟ್ಟೆ ಹೊದ್ದು ಮಲಗಿದ್ದಳು. ಹೊರಗೆ ವ್ಯಾನು ನಿಂತಿತ್ತು. ವ್ಯಾನಿನ ಚಾಲಕ ತಂದುಕೊಟ್ಟ ಫಾರಂ ತುಂಬುವ ಕೆಲಸ ತಾನಾಗಿಯೇ ಹೆಡ್‌ಕ್ಲಾರ್ಕಿನ ಪಾಲಿಗೆ ಬಂದಿತ್ತು. ಆತ ದೊಡ್ಡಪ್ಪನ ತಮ್ಮ. ನಿವೃತ್ತನಾಗಿ ಕುರ್ಚಿ ಹೋಗಿದ್ದರೂ ಹೆಸರು ಹಾಗೇ ಅಂಟಿಕೊಂಡಿತ್ತು. ಸಾವಿನ ಮನೆಗೂ ಜೇಬಿನಲ್ಲಿ ಎರಡು ಪೆನ್ನು ಸಿಕ್ಕಿಸಿಕೊಂಡೇ ಬಂದಿದ್ದ.

“ಚಿತ್ರ ಬರೆಯುವವರು ಅಂತ ಬರೀರಿ.”

“ಅದು ಹವ್ಯಾಸ ಕಣೋ. ಉದ್ಯೋಗ ಅಂದ್ರೆ ಬೆಳಗ್ಗೆ ಮನೆ ಬಿಡಬೇಕು, ಸಂಜೆ ವಾಪಸ್ ಬರಬೇಕು.”

“ಹಾಗಾದ್ರೆ ನಮ್ಮ ಬೀದಿ ನಾಯಿಗೂ ಉದ್ಯೋಗ ಇದೆ.”

ಬಾಗಿಲಲ್ಲಿ ನಿಂತಿದ್ದ ಅವನ ಅಮ್ಮ ಸೆರಗಿನಿಂದ ಮೂಗೊರೆಸಿಕೊಂಡು, “ಸತ್ತಿರೋದು ನನ್ನ ಅಕ್ಕ. ಇವತ್ತೊಂದು ದಿನ ನಾಲಿಗೆ ಒಳಗಿಟ್ಕೊಳೋ” ಎಂದಳು.

“ಪಾಪ, ಯಾವಾಗ ನೋಡಿದ್ರೂ ಮನೇಲೇ ಇರ್ತಿದ್ರು,” ಎಂದರು ಕೆಳಗಿನ ಮನೆಯ ಟೈಲರಮ್ಮ. “ಕಿಟಕಿ ಹತ್ರ ಕೂತು ಏನೋ ಗೀಚ್ಕೊಂಡು.”

ಗೀಚ್ಕೊಂಡು! ಮೂವತ್ತೊಂದು ವರ್ಷ. ಟೈಲರಮ್ಮ ದಿನಾ ತುಳಿಯುವ ಮಷೀನಿಗೆ ದಾರ ಪೋಣಿಸುವುದು ಹೇಗೆಂಬ ಹಾಳೆಯನ್ನು ಬರೆದವಳೇ ಒಳಗೆ ಮಲಗಿದ್ದಳು. ಕುಕ್ಕರಿನ ಮುಚ್ಚಳ, ಗ್ಯಾಸಿನ ರೆಗ್ಯುಲೇಟರು, ಔಷಧಿ ಪಂಪು, ಏನು ಕೊಂಡರೂ ಡಬ್ಬಿಯೊಳಗಿಂದ ಉದುರುವ ಮಡಿಸಿದ ಕಾಗದ. ಅದರಲ್ಲಿ ಒಂದು, ಎರಡು, ಮೂರು ಎಂದು ಕೆಲಸ ತೋರಿಸುವ ಕೈಗಳು. ಆ ಕೈಗಳನ್ನು ಬರೆದವರು ಯಾರೆಂದು ಯಾರೂ ಕೇಳಿದವರಿಲ್ಲ.

“ನಿಂಗೂ ಒಂದು ಕೆಲಸ ಅಂತ ಇಲ್ಲ, ಅದಕ್ಕೇ ಇಷ್ಟು ಉರಿ,” ಎಂದ ಹೆಡ್‌ಕ್ಲಾರ್ಕು ಮೆಲ್ಲಗೆ. “ಒಂಬತ್ತನೇ ಕ್ಲಾಸಿಗೆ ಪುಸ್ತಕ ಬಿಸಾಕಿದೋನು ನನಗೆ ಫಾರಂ ತುಂಬೋದು ಹೇಳ್ಕೊಡ್ತೀಯಾ?”

ಅದು ನೆಟ್ಟಗೆ ಹೋಗಿ ನಾಟಿತು. ಆರು ತಿಂಗಳಿಂದ ಅವನೂ ಮನೆಯಲ್ಲೇ ಕೂತು ಅನಿಮೇಷನ್ ಮಾಡುತ್ತಿದ್ದ. ದೊಡ್ಡಮ್ಮನದು ಕೆಲಸವಲ್ಲ ಎಂದು ಮಸಿಯಲ್ಲಿ ಬಿದ್ದುಹೋದರೆ, ಅವಳ ಮೇಜಿನಿಂದ ಎದ್ದು ಬಂದ ತನ್ನದೂ ಅಲ್ಲ. ಅವನು ದೊಡ್ಡಪ್ಪನ ಕಡೆ ನೋಡಿದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕಾಗಿದ್ದ ಮನುಷ್ಯ ಹೆಂಡತಿಯ ಕಾಲ ಬಳಿ ಗೋಡೆಗೊರಗಿ ಕೂತಿದ್ದ. ಬೆಳಗಿನಿಂದ ಅವನ ಬಾಯಿಂದ ಒಂದು ಮಾತು ಹೊರಟಿರಲಿಲ್ಲ.

“ಆಯ್ತಪ್ಪ, ಖಾಲಿ ಬಿಡ್ತೀನಿ,” ಹೆಡ್‌ಕ್ಲಾರ್ಕು ಪೆನ್ನಿನ ಟೋಪಿ ಹಾಕಿದ. “ಅಲ್ಲಿ ಆಫೀಸಲ್ಲಿ ನೀನೇ ಬಡಿದಾಡ್ಕೋ.”

*

ಅವನು ಶಾಲೆ ಬಿಟ್ಟ ವರ್ಷ ಬುದ್ಧಿ ಹೇಳದ ಮನೆಯೆಂದರೆ ಅದೊಂದೇ. ದೊಡ್ಡಮ್ಮ ಬುದ್ಧಿ ಹೇಳಲಿಲ್ಲ, ಬಕೆಟ್ಟು ತೋರಿಸಿದಳು. “ಇದನ್ನ ಬರಿ.” ಬರೆದ. “ಇದ್ರಲ್ಲಿ ನೀರು ನಿಲ್ಲಲ್ಲ, ಇನ್ನೊಂದು ಬರಿ.” ನೀರು ನಿಲ್ಲುವ ಬಕೆಟ್ಟು ಬರೆಯಲು ಅವನಿಗೆ ಎರಡು ತಿಂಗಳು ಹಿಡಿಯಿತು. ಅನಿಮೇಷನ್ನನ್ನು ಅವನು ಹಳೆಯದೊಂದು ಕಂಪ್ಯೂಟರಿನಲ್ಲಿ ತಾನೇ ಕಲಿತ. ಕೆಲಸ ಹಿಡಿಯುವುದನ್ನು ಮಾತ್ರ ಅವಳು ಕಲಿಸಿದಳು.

“ನಮ್ಮಂಥೋರನ್ನ ಯಾರೂ ಕರೆದು ಕೆಲಸ ಕೊಡಲ್ಲ. ಹೊರಗೆ ಎಲ್ಲಾದ್ರೂ ಕೆಟ್ಟದಾಗಿರೋ ಚಿತ್ರ ಹುಡುಕು. ಅದನ್ನ ಸರಿಯಾಗಿ ಮಾಡು. ಎರಡನ್ನೂ ಪಕ್ಕಪಕ್ಕ ಇಟ್ಟು ಸುಮ್ನೆ ನಿಂತ್ಕೋ.”

“ಏನಂತ ಹೇಳ್ಲಿ?”

“ಏನೂ ಹೇಳ್ಬೇಡ. ನೀನು ಬಾಯಿ ಬಿಟ್ರೆ ಬಂದ ಕೆಲಸವೂ ಓಡಿಹೋಗುತ್ತೆ.”

ಅವನು ಹುಡುಕಿದ. ಕಣ್ಣಾಸ್ಪತ್ರೆಯ ಟಿವಿಯಲ್ಲಿ ಕಣ್ಣಿಗೆ ಔಷಧಿ ಬಿಡುವ ವಿಧಾನ ತೋರಿಸುತ್ತಿದ್ದರು. ಹನಿ ಪ್ರತಿಸಲವೂ ಕೆನ್ನೆಯ ಮೇಲೆ ಬೀಳುತ್ತಿತ್ತು. ಅವನು ಒಂಬತ್ತು ದಿನ ಕೂತು ಹನ್ನೊಂದು ಸೆಕೆಂಡಿನದೊಂದು ಮಾಡಿದ. ಕೆಳರೆಪ್ಪೆ ಎಳೆಯುವ ಬೆರಳು, ನಿಧಾನಕ್ಕೆ ತುಂಬಿಕೊಳ್ಳುವ ಹನಿ, ಅದು ಬಿದ್ದಾಗ ಮುಚ್ಚುವ ಕಣ್ಣು. ಹಳೆಯದು ಒಂದು ಫೋನಿನಲ್ಲಿ, ತನ್ನದು ಇನ್ನೊಂದರಲ್ಲಿ, ಎರಡನ್ನೂ ಡಾಕ್ಟರ ಮೇಜಿನ ಮೇಲಿಟ್ಟು ಹಲ್ಲು ಕಚ್ಚಿ ನಿಂತ.

ಡಾಕ್ಟರು ಎರಡು ಸಲ ನೋಡಿದರು. “ಆಪರೇಷನ್ ಆದೋರಿಗೂ ಹಿಂಗೇ ಒಂದು ಬೇಕು. ಯಾವಾಗ ಕೊಡ್ತೀರಿ?”

ಕೊಡ್ತೀರಿ. ಅವನ ಜನ್ಮದಲ್ಲಿ ಯಾರೂ ಅವನಿಗೆ ಬಹುವಚನ ಹಚ್ಚಿರಲಿಲ್ಲ. ಓಡಿಬಂದು ಹೇಳಿದರೆ ದೊಡ್ಡಮ್ಮ ರಬ್ಬರಿನ ಪುಡಿ ಊದುತ್ತಾ, “ಒಳ್ಳೇದಾಯ್ತು. ಕೊಂಬು ಬರೋಕೆ ಮುಂಚೆ ಇನ್ನೊಂದು ಕೆಟ್ಟ ಚಿತ್ರ ಹುಡುಕು” ಎಂದಳು.

*

ವಿದ್ಯುತ್ ಚಿತಾಗಾರದ ಆಫೀಸು ಒಂದು ಮೇಜು, ಒಂದು ಬೀರು, ಮೂರು ಕುರ್ಚಿಯಷ್ಟು ದೊಡ್ಡದು. ಫಾರಂ ಪೂರ್ತಿಯಾಗದೆ ದೇಹವನ್ನು ಒಳಗೆ ಬಿಡುವಂತಿರಲಿಲ್ಲ. ಹಿಂದೆ ಇನ್ನೊಂದು ವ್ಯಾನು ಬಂದು ನಿಂತಿತ್ತು.

“ಉದ್ಯೋಗ ಖಾಲಿ ಇದೆಯಲ್ರೀ,” ಎಂದ ಗುಮಾಸ್ತ.

“ಚಿತ್ರ ಬರೆಯುವವರು.”

“ಎಲ್ಲಿ?”

“ಮನೇಲಿ.”

“ಮನೇಲಿ ನನ್ನ ಮಗಳೂ ಬರೀತಾಳೆ, ಗೋಡೆ ತುಂಬ. ಗುರುತಿನ ಚೀಟಿ ಇದೆಯಾ? ಅವರ ಹೆಸರು ಹಾಕಿ ಎಲ್ಲಾದ್ರೂ ಅಚ್ಚಾಗಿದೆಯಾ?”

ಕುಕ್ಕರಿನ ಹಾಳೆಗೆ ಯಾರು ಹೆಸರು ಹಾಕುತ್ತಾರೆ?

“ನಾನಿದನ್ನೇ ಹೇಳಿದ್ದು,” ಹೆಡ್‌ಕ್ಲಾರ್ಕು ಕಿವಿಯ ಹತ್ತಿರ ಗೊಣಗಿದ. “ಗೃಹಿಣಿ ಅಂತ ಹಾಕಿ ಮುಗಿಸು. ಹಿಂದಿನೋರು ಕಾಯ್ತಿದ್ದಾರೆ.”

ಹತ್ತು ಮಾತು ಒಟ್ಟಿಗೇ ಗಂಟಲಿಗೆ ಬಂದವು, ಹತ್ತೂ ಕೆಟ್ಟ ಮಾತು. ಕೂಗಲೆಂದೇ ಅವನು ತಲೆಯೆತ್ತಿದ. ಗುಮಾಸ್ತನ ನೆತ್ತಿಯ ಮೇಲೆ, ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಪಕ್ಕ, ಅದನ್ನು ಬಳಸುವ ಕ್ರಮದ ಚಾರ್ಟು. ನಾಲ್ಕು ಚಿತ್ರ. ನಾಲ್ಕರಲ್ಲೂ ಕೈ.

*

ದೊಡ್ಡಮ್ಮ ಮೊದಲು ಹಿಡಿದ ಕೆಲಸವೇ ಕೆಟ್ಟಿತ್ತು. ಅದನ್ನವಳು ಎಷ್ಟು ಸಲ ಹೇಳಿದರೂ ಹೊಸದಾಗಿ ನಗುತ್ತಿದ್ದಳು. ಕುಕ್ಕರಿನ ಮುಚ್ಚಳ ಹಾಕುವ ಆರು ಚಿತ್ರ. ಎದುರಿಗೆ ಕೈಯಿಟ್ಟುಕೊಂಡು ನೋಡಿ ಬರೆಯಬೇಕು. ಬಲಗೈ ಪೆನ್ಸಿಲು ಹಿಡಿದಿರುತ್ತದೆ, ನೋಡಲು ಉಳಿಯುವುದು ಎಡಗೈ ಒಂದೇ. ಆರು ಚಿತ್ರ ಮುಗಿಸಿ ಒಯ್ದು ಕೊಟ್ಟಾಗ ಕಾರ್ಖಾನೆಯ ಯಜಮಾನ ಹಾಳೆ ತಿರುಗಿಸಿ ತಿರುಗಿಸಿ ನೋಡಿದನಂತೆ. “ಏನಮ್ಮಾ, ಈ ಹೆಂಗಸಿಗೆ ಎರಡೂ ಎಡಗೈ! ಇವಳ ಕೈಗೆ ಕುಕ್ಕರ್ ಕೊಟ್ರೆ ಊರೇ ಹಾರಿಹೋಗುತ್ತೆ.”

“ನಾಳೆ ಸರಿ ಮಾಡಿ ತರ್ತೀನಿ,” ಎಂದು ಅವಳು ಅವನಿಗಿಂತ ಜೋರಾಗಿ ನಕ್ಕು ಬಂದಳು. ಮರುದಿನ ಬೆಳಗ್ಗೆ ಗಂಡ ಡಿಪೋಗೆ ಹೊರಡುವ ಮುಂಚೆ ಅವನ ಬಲಗೈಯನ್ನು ಮೇಜಿನ ಮೇಲೆ ಇರಿಸಿಕೊಂಡಳು. ಆಮೇಲೆ ಅದು ರೂಢಿಯೇ ಆಯಿತು. ಎಡಗೈ ತನ್ನದು, ಬಲಗೈ ಗಂಡನದು. ಆ ಬಲಗೈಯ ಕಿರುಬೆರಳು ಬಾಗುತ್ತಿರಲಿಲ್ಲ. ಏನು ಹಿಡಿದರೂ ಮಿಕ್ಕ ನಾಲ್ಕನ್ನು ಬಿಟ್ಟು ಎದ್ದು ನಿಲ್ಲುತ್ತಿತ್ತು. “ಅದೊಂದು ಬೆರಳು ಬಾಗಿಸಿ ಬರಿಯೇ” ಎಂದರೆ, “ನಾನು ಇರೋ ಕೈ ಬರೀತೀನಿ. ಇಲ್ಲದ ಕೈ ಎಲ್ಲಿಂದ ತರ್ಲಿ?” ಎನ್ನುತ್ತಿದ್ದಳು.

*

“ಅದು ಅವರು ಬರೆದದ್ದು,” ಎಂದ ಅವನು, ಗೋಡೆಯತ್ತ ಬೊಟ್ಟು ಮಾಡಿ.

ಗುಮಾಸ್ತ ಹಿಂದೆ ತಿರುಗಿದ. “ಇದಾ? ಇದು ಎಲ್ಲಾ ಆಫೀಸಲ್ಲೂ ಇರುತ್ತೆ.”

“ಎಲ್ಲಾ ಆಫೀಸಲ್ಲೂ ಇರೋದನ್ನ ಯಾರೋ ಒಬ್ಬರು ಕೂತು ಬರೆದಿರಲೇಬೇಕಲ್ಲ ಸಾರ್! ಮರದಲ್ಲಿ ಬಿಡುತ್ತಾ ಅದು?”

“ಅವರೇ ಅನ್ನೋಕೆ ಏನು ಸಾಕ್ಷಿ?”

ಬಾಗಿಲ ಬಳಿ ಕುರ್ಚಿ ಕಿರುಗುಟ್ಟಿತು. ದೊಡ್ಡಪ್ಪ ಎದ್ದು ಬಂದ. ಮೇಜನ್ನು ಸುತ್ತಿ, ಗುಮಾಸ್ತನನ್ನು ದಾಟಿ, ಯಾರ ಅಪ್ಪಣೆಯನ್ನೂ ಕೇಳದೆ ಕೆಂಪು ಸಿಲಿಂಡರನ್ನು ಕೊಕ್ಕೆಯಿಂದ ಇಳಿಸಿ, ಮೂರನೇ ಚಿತ್ರದಲ್ಲಿದ್ದಂತೆ ಬಲಗೈಯಲ್ಲಿ ಅದರ ಹಿಡಿಕೆ ಹಿಡಿದು ಚಾರ್ಟಿನ ಪಕ್ಕ ನಿಂತ. ಚಿತ್ರದಲ್ಲೂ ಕಿರುಬೆರಳು ಎದ್ದಿತ್ತು. ಇಲ್ಲೂ ಎದ್ದಿತ್ತು.

ಗುಮಾಸ್ತ ಚಿತ್ರ ನೋಡಿದ, ಕೈ ನೋಡಿದ, ಮತ್ತೆ ಚಿತ್ರ ನೋಡಿದ. “ಅಯ್ಯೋ! ನಮಗೆ ಟ್ರೇನಿಂಗಲ್ಲಿ ಕಿರುಬೆರಳು ಎತ್ತೇ ಹಿಡೀಬೇಕು ಅಂತ ಕಲಿಸಿದ್ರಲ್ರೀ! ನಾವೆಲ್ಲ ಹಂಗೇ ಹಿಡಿಯೋದು!”

“ಬೇಕಿಲ್ಲ,” ಎಂದ ದೊಡ್ಡಪ್ಪ. ಆ ದಿನದ ಮೊದಲ ಮಾತು. “ಇದು ಬಸ್ಸಿನ ಜಾಕು ಬಿದ್ದು ಮುರಿದದ್ದು.”

ಸಿಲಿಂಡರನ್ನು ಕೊಕ್ಕೆಗೆ ಸಿಕ್ಕಿಸಿ ಅವನು ವಾಪಸ್ ಹೋಗಿ ಕೂತ. ಗುಮಾಸ್ತ ಮೂರು ಹೊಸ ಫಾರಮ್ಮುಗಳ ನಡುವೆ ಎರಡು ಕಾರ್ಬನ್ ಹಾಳೆ ತೂರಿಸಿ ಮುಂದೆ ತಳ್ಳಿದ. “ಮೂರು ಪ್ರತಿ ಬೇಕು, ಒತ್ತಿ ಬರೀರಿ. ಮಾಹಿತಿ ಕೊಡೋರು ಯಾರು?”

ಹೆಡ್‌ಕ್ಲಾರ್ಕು ಜೇಬಿನಿಂದ ಪೆನ್ನು ತೆಗೆದು, ಟೋಪಿ ಬಿಚ್ಚಿ, ಅವನ ಕೈಗೆ ಕೊಟ್ಟ. “ಇವನೇ.”

ಅವನು ಮೊದಲಿಂದ ಬರೆದ. ಉದ್ಯೋಗ: ಚಿತ್ರ ಬರೆಯುವವರು. ಕೆಳಗೆ, ಮಾಹಿತಿ ನೀಡಿದವರ ಹೆಸರು ಬರೆದ. ಸಂಬಂಧ: ತಂಗಿಯ ಮಗ. ಅದರ ಮುಂದಿನ ಸಾಲು, ಮಾಹಿತಿ ನೀಡಿದವರ ಉದ್ಯೋಗ; ಅಲ್ಲಿಗೆ ಬಂದಾಗ ಪೆನ್ನು ನಿಂತಿತು.

“ಅದನ್ನ ಖಾಲಿ ಬಿಡೋ ಹಾಗಿಲ್ಲ,” ಎಂದ ಹೆಡ್‌ಕ್ಲಾರ್ಕು. ಈ ಸಲ ದನಿಯಲ್ಲಿ ಕುಹಕವಿರಲಿಲ್ಲ.

ಅವನು ಮುಂದಕ್ಕೆ ಬಾಗಿ, ಮೊಣಕೈ ಊರಿ, ಒಂದೊಂದೇ ಅಕ್ಷರ ಬರೆದ.

ಗುಮಾಸ್ತ ಹಾಳೆಗಳನ್ನು ಬಿಡಿಸಿ ಮೇಜಿನ ಮೇಲೆ ಹರಡಿ ಮೊಹರು ಒತ್ತತೊಡಗಿದ. ಮೂರನೆಯ ಪ್ರತಿಯಲ್ಲಿ ಹೆಸರು, ವಿಳಾಸ, ತಾರೀಕು ಎಲ್ಲ ಮಸುಕು ಮಸುಕಾಗಿ ಮೂಡಿದ್ದವು. ಕೊನೆಯ ಸಾಲಿನಲ್ಲಿ ಮಾತ್ರ ಅಕ್ಷರಗಳ ಗುಂಟ ಕಾಗದ ಸೀಳಿ, ಅಡಿಯ ಮೇಜಿನ ಮರ ಕಾಣುತ್ತಿತ್ತು.