ಪ್ಲೈಮೌತ್ ಕಾರಿನ ಬೀಡಿಂಗ್

ಬೆಳಗಿನಿಂದ ಅಕ್ಬರ್ ಪಾಷಾನ ತಲೆ ಕೆಟ್ಟುಹೋಗಿತ್ತು. ಗಂಗಾನಗರದ ಅವನ ಕಾರು ರಿಪೇರಿ ಶೆಡ್ಡಿನಲ್ಲಿ ವೆಂಕಟಸ್ವಾಮಿಯವರ ಹಳೇ ಪ್ಲೈಮೌತ್ ಕಾರು ಹೊಸ ಕಪ್ಪು ಬಣ್ಣ ಬಳಿದುಕೊಂಡು ಮದುಮಗನ ಹಾಗೆ ನಿಂತಿತ್ತು. ಎರಡೂ ಪಕ್ಕಗಳ ಉದ್ದಕ್ಕೂ ಹೊಳೆಯುವ ಬೀಡಿಂಗ್ ಪಟ್ಟಿ ಕೂರಿಸುವುದೊಂದೇ ಬಾಕಿ. ಬಾಗಿಲುಗಳ ತಗಡು ಬದಲಾಯಿಸಿದಾಗ ಅಲ್ಲಿನ ಹಳೇ ತೂತುಗಳು ಹೋಗಿದ್ದವು, ಹೊಸದಾಗಿ ಕೊರೆಯಬೇಕು. ಗೆರೆ ಸೊಟ್ಟಗಾದರೆ ಮುಗಿಯಿತು, ಮಾನ ಹೋದ ಹಾಗೆ. ಪಾಷಾನಿಗೆ ಸ್ಕೇಲು ಬೇಡ, ಕಣ್ಣೇ ಸಾಕು ಎಂದು ಆರ್.ಟಿ. ನಗರದವರೆಗೂ ಹೆಸರಿತ್ತು.

ಬಣ್ಣಕ್ಕೆ ಗೀರು ಬೀಳದಿರಲೆಂದು ಕಾಗದದ ಟೇಪು ಅಂಟಿಸಿ, ಗುರುತು ಹಾಕಿ, ಮೊದಲ ತೂತು ಕೊರೆದ. ಕೈಬಳೆಗೆ ಬಟ್ಟೆ ಸುತ್ತಿಕೊಂಡು ಪಟ್ಟಿಯ ತುದಿ ಹಿಡಿದಿದ್ದ ಹೆಂಡತಿ ತಾಹೆರಾ, "ಅಜೀ, ತೂತು ಕೆಳಗೆ ಬಂತು. ಅಕ್ಕಿಕಾಳಿನಷ್ಟು," ಎಂದಳು.

"ಬ್ಲೌಸ್ ಹೊಲಿಯೋಳು ನಂಗೆ ಪಾಠ ಹೇಳ್ತೀಯಾ? ಸುಮ್ನೆ ಹಿಡ್ಕೊ!"

ಹಿಂದೆ ಸರಿದು ನೋಡಿದ, ತಿಳಿಯಲಿಲ್ಲ. ಹತ್ತಿರ ಬಗ್ಗಿದ, ಪಟ್ಟಿಯ ಅಂಚು ಎರಡಾಗಿ ಕಂಡಿತು. ಆರು ತಿಂಗಳಿಂದ ಇದೇ ಗೋಳು. ಧೂಳು, ಬಿಸಿಲು ಎಂದು ತನಗೆ ತಾನೇ ಸಬೂಬು ಹೇಳಿಕೊಂಡು ಬಂದಿದ್ದ. ಹಾಳಾದ ಕಣ್ಣು! ಸಿಟ್ಟಿಗೆ ಡ್ರಿಲ್ಲನ್ನು ಗೋಣಿಚೀಲದ ಮೇಲೆ ಎಸೆದ. ಕಾರಿನ ಕಡೆಗೆ ಎಸೆಯುವಷ್ಟು ಬುದ್ಧಿ ಕೆಟ್ಟಿರಲಿಲ್ಲ, ಪುಣ್ಯ.

ತಾಹೆರಾ ಶೆಡ್ಡಿನ ಹಿಂದಿನ ಮನೆಯೊಳಗೆ ಹೋಗಿ ಹೊಲಿಗೆ ಮಿಷನ್ನಿನ ಬಿಳಿ ದಾರ ತಂದಳು. ಮುಂದಿನ ಮಡ್‌ಗಾರ್ಡಿನ ಹಳೇ ತೂತಿನಿಂದ ಹಿಂದಿನದರ ತೂತಿನವರೆಗೆ ಬಿಗಿಯಾಗಿ ಎಳೆದು ಕಟ್ಟಿ, ದಾರದ ಗುಂಟ ತಾನೇ ಗುರುತು ಹಾಕಿದಳು. ಅವನು ಗೊಣಗುತ್ತಲೇ ಡ್ರಿಲ್ಲು ಎತ್ತಿಕೊಂಡು ಕೊರೆದ. ತುಕ್ಕು ಹಿಡಿಯದಂತೆ ತೂತುಗಳಿಗೆಲ್ಲ ಬಣ್ಣ ಮುಟ್ಟಿಸಿ, ಕ್ಲಿಪ್ಪು ಹಾಕಿ, ಬಟ್ಟೆ ಸುತ್ತಿದ ಅಂಗೈಯಿಂದ ಪಟ್ಟಿಯನ್ನು ಒತ್ತುತ್ತ ಹೋದ. ತಪ್ಪಿದ ತೂತು ಅದರಡಿ ಮುಚ್ಚಿಹೋಯಿತು.

ಸಂಜೆ ವೆಂಕಟಸ್ವಾಮಿ ಬಂದು ಬಗ್ಗಿ ನೋಡಿದರು. "ಆಹಾ! ಇಂಗೆ ಇನ್ಯಾರ್ ಕೂರಿಸ್ತಾರೆ? ಕಣ್ಣು ಅಂದ್ರೆ ನಿಂದು ಕಣೋ ಪಾಷಾ!"

ಒಳಗೆ ಓಡುತ್ತಿದ್ದ ಹೊಲಿಗೆ ಮಿಷನ್ನು ನಿಂತಿತು. ಪಾಷಾ ಹೂಂ ಅಂದುಬಿಟ್ಟರೆ ಸಾಕಿತ್ತು.

"ಗೆರೆ ನಂದಲ್ಲ ಸಾರ್," ಎಂದ, ಜಗಳಕ್ಕೆ ನಿಂತವನ ದನಿಯಲ್ಲಿ. "ನಾನು ಕೊರೆದಿದ್ದು ತಪ್ಪಾಯ್ತು. ನಂಗೆ ಸರಿಯಾಗಿ ಕಾಣ್ತಿಲ್ಲ. ಗೆರೆ ಅವಳ್ದು."

ವೆಂಕಟಸ್ವಾಮಿ ಅವನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಮನೆ ಬಾಗಿಲ ಕಡೆ ತಿರುಗಿ ಕೂಗಿದರು:

"ತಾಯೀ, ಆ ಕಡೇದು ಯಾವತ್ತು ಕೂರಿಸ್ತೀಯಮ್ಮಾ?"

ಹಾಗೆ ಕೇಳಿದ್ದು ತನ್ನನ್ನಲ್ಲ ಎಂಬುದು ಅಕ್ಬರ್ ಪಾಷಾನಿಗೆ ತಿಳಿಯಿತು. ಕೆಲಸ ಮುಗಿಸಿ ಗೋಣಿಚೀಲದ ಮೇಲಿಟ್ಟಿದ್ದ ಡ್ರಿಲ್ಲನ್ನು ಎತ್ತಿಕೊಂಡು, ಅವಳ ಉತ್ತರಕ್ಕೆ ಕಾಯುತ್ತ ನಿಂತ.