ಬಿಸಿಲು ತಿನ್ನುವ ಕಪ್ಪೆ

ಮತ್ತಿಕೊಪ್ಪಲಿನ ಶಾಲೆಗೆ ಕಪ್ಪೆ ಮಿಷೀನು ಬಂದದ್ದು ತೊಂಬತ್ತಾರನೇ ಇಸವಿಯ ಆಗಸ್ಟಿನಲ್ಲಿ. ಮೈಸೂರಿನ ಒಂದು ಸೇವಾಸಂಘದವರು ಜೀಪಿನಲ್ಲಿ ಬಂದು, ಮಕ್ಕಳಿಗೆ ಪೆನ್ಸಿಲು, ಬಿಸ್ಕತ್ತು ಹಂಚಿ, ಹೊರಡುವಾಗ ಹೆಡ್‌ಮಾಸ್ತರ ಕೈಗೆ ಒಂದು ಸಣ್ಣ ಡಬ್ಬಿ ಕೊಟ್ಟರು. ಒಳಗಿದ್ದದ್ದು ಅಂಗೈ ಅಗಲದ ಹಸಿರು ಯಂತ್ರ. ಅದರ ಪರದೆಯ ಮೇಲೆ ಒಂದು ಲೆಕ್ಕ ಬರುತ್ತದೆ. ಉತ್ತರ ಒತ್ತಬೇಕು. ಸರಿಯಿದ್ದರೆ ಒಂದು ಕಪ್ಪೆ ಈ ಕಲ್ಲಿನಿಂದ ಆ ಕಲ್ಲಿಗೆ ನೆಗೆಯುತ್ತದೆ. ತಪ್ಪಿದರೆ ‘ಕೊಂಯ್’ ಎಂದು ನೀರಿಗೆ ಬೀಳುತ್ತದೆ. ಹತ್ತು ಕಲ್ಲು ದಾಟಿದರೆ ಆಚೆ ದಡ, ಜೊತೆಗೆ ಒಂದು ಪುಟ್ಟ ರಾಗ.

ಸಂಘದ ಹುಡುಗನೊಬ್ಬ ಜಗಲಿಯ ಮೇಲೆ ಕೂತು ಎರಡು ಸಲ ಆಡಿ ತೋರಿಸಿದ. “ಸೆಲ್ಲು ಹಾಕೋ ಗೋಜಿಲ್ಲ ಸಾರ್,” ಎಂದ. ನೂರಹತ್ತು ಮಕ್ಕಳು ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ನೋಡಿದರು. ಜೀಪು ಹೊರಟಿತು. ಅದರ ಧೂಳು ಅಡಗುವ ಮೊದಲೇ ಕಪ್ಪೆ ಬೀರುವಿನೊಳಗೆ ಸೇರಿತ್ತು.

ಹೆಡ್‌ಮಾಸ್ತರು ಚಲುವಯ್ಯ ಕೆಟ್ಟವರಲ್ಲ. ಮಕ್ಕಳನ್ನು ಹೊಡೆದವರಲ್ಲ, ರಜ ಹಾಕಿದವರೂ ಅಲ್ಲ. ಬರುವ ಫೆಬ್ರವರಿ ಕೊನೆಗೆ ಅವರ ನಿವೃತ್ತಿ. ಹನ್ನೊಂದು ವರ್ಷದ ಹಿಂದೆ ಅವರು ಈ ಶಾಲೆಯ ಅಧಿಕಾರ ವಹಿಸಿಕೊಂಡಾಗ ದಾಸ್ತಾನು ಪುಸ್ತಕದಲ್ಲಿದ್ದ ಒಂದು ಭೂಗೋಳ ಕಾಣದೆ, ಹಿಂದಿನ ಹೆಡ್‌ಮಾಸ್ತರ ಪಿಂಚಣಿ ಕಾಗದ ಹದಿನಾಲ್ಕು ತಿಂಗಳು ಅಲ್ಲೇ ನಿಂತಿತ್ತು. ಆ ಮುದುಕರು ಕೊಡೆ ಹಿಡಿದು ಕೆ.ಆರ್. ಪೇಟೆಯ ಕಚೇರಿಗಳನ್ನು ಸುತ್ತುವುದನ್ನು ಚಲುವಯ್ಯ ಕಣ್ಣಾರೆ ಕಂಡಿದ್ದರು. ತನಗೆ ಹಾಗಾಗಬಾರದು. ಪುಸ್ತಕದಲ್ಲಿ ಬರೆದದ್ದೆಲ್ಲ ಬರೆದ ಹಾಗೇ ಇರಬೇಕು, ಒಂದು ಅಕ್ಷರಕ್ಕೂ ಕಾಟು ಹೊಡೆಯದೆ ಮುಂದಿನವರಿಗೆ ಒಪ್ಪಿಸಿ ಮನೆಗೆ ಹೋಗಬೇಕು. ಅವರಿಗಿದ್ದದ್ದು ಇದೊಂದೇ ಆಸೆ. ಆಮೇಲೆ ಬಂದ ಹೊಸ ಭೂಗೋಳಕ್ಕೆ ಅವರು ಬಟ್ಟೆ ಸುತ್ತಿ ಬೀರುವಿನ ಮೇಲಿಟ್ಟಿದ್ದರು. ಮತ್ತಿಕೊಪ್ಪಲಿನ ಮಕ್ಕಳು ಪ್ರಪಂಚವನ್ನು ಒಂದು ಗಂಟಾಗಿ ಮಾತ್ರ ಕಂಡಿದ್ದರು.

ಕಪ್ಪೆಯನ್ನೂ ಬರೆದುಕೊಂಡರು: ‘ಗಣಿತ ಕಲಿಕೆಯ ಕೈಯಾಟಿಕೆ, ಒಂದು. ಸ್ಥಿತಿ: ಹೊಸದು.’

ಶಾಲೆ ಗುಡಿಸಿ ನೀರು ತುಂಬುವ ಬೆಟ್ಟಮ್ಮ ಮಾತ್ರ ಬಿಡಲಿಲ್ಲ. ಅವಳ ಮೊಮ್ಮಗಳು ಮಾನಸ ನಾಲ್ಕನೇ ತರಗತಿ. ಆ ಹುಡುಗಿ ರಾತ್ರಿ ಊಟಕ್ಕೆ ಕೂತರೂ ಕಪ್ಪೆಯದೇ ಮಾತು.

“ಅಲ್ಲ ಸಾ, ಐಕ್ಳಿಗೆ ಅಂತ ಕೊಟ್ಟೋದ್ರು. ಬೀರೂಗೆ ಮಗ್ಗಿ ಕಲ್ಸಕ್ಕೆ ಕೊಟ್ರಾ?”

“ಬೆಟ್ಟಮ್ಮ, ಒಂದು ಗುಂಡಿ ಕಿತ್ತೋದ್ರೆ ನೀನು ಉತ್ತರ ಕೊಡ್ತೀಯ?”

“ನಾನೇನ್ ಕೊಡ್ಲಿ. ಗುಂಡಿ ಇರೋದು ಒತ್ತಕ್ಕೆ ಅಲ್ವಾ?”

“ಫೆಬ್ರವರಿ ಮುಗೀಲಿ. ಬರೋರು ಏನಾದ್ರೂ ಮಾಡ್ಕೊಳ್ಳಲಿ.”

ಅಲ್ಲಿಗೆ ಮಾತು ಮುಗಿಯಿತು.

ದಸರೆ ರಜಕ್ಕೆ ಮುಂಚೆ ಶಾಲೆಯಲ್ಲಿ ಸರಸ್ವತಿ ಪೂಜೆ. ಅಂದು ಬೀರು ತೆರೆಯುತ್ತದೆ. ಗಂಟೆ, ಹಾರ್ಮೋನಿಯಂ, ಅಳತೆಯ ಕೋಲು, ಭೂಗೋಳದ ಗಂಟು, ಇವುಗಳ ಜೊತೆಗೆ ಕಪ್ಪೆ ಮಿಷೀನನ್ನೂ ಮಣೆಯ ಮೇಲಿಟ್ಟರು. ಅದರ ಪರದೆಗಿಂತ ಮೇಲೆ ಬೆರಳಗಲದ ಕಪ್ಪು ಗಾಜಿನ ಪಟ್ಟಿಯಿತ್ತು. ನೋಡಲು ಥೇಟ್ ಹಣೆ. ಚಲುವಯ್ಯನವರು ಗಂಧ ತೇಯ್ದು ಆ ಪಟ್ಟಿಯ ಉದ್ದಕ್ಕೂ ದಪ್ಪಗೆ ಬಳಿದು, ನಡುವೆ ಕುಂಕುಮವಿಟ್ಟು, ಒಂದು ಸೇವಂತಿಗೆ ಏರಿಸಿದರು. ಪೂಜೆ ಮುಗಿದ ಮೇಲೆ ಹಾಗೆಯೇ ಬೀರುವಿಗೆ ಸೇರಿಸಿದರು. ಪೂಜೆಯಾದ ವಸ್ತುವಿನ ಗಂಧವನ್ನು ಯಾರು ಒರೆಸುತ್ತಾರೆ? ಬಸ್ಸಿಗೆ ಹಚ್ಚಿದ್ದು ಮುಂದಿನ ಮಳೆವರೆಗೂ ಇರುತ್ತದೆ.

ರಜ ಮುಗಿದು ಬಂದವರು ಒಂದು ಸಂಜೆ ಬೀರು ತೆಗೆದು ಯಂತ್ರದ ಗುಂಡಿ ಒತ್ತಿ ನೋಡಿದರು. ಪರದೆ ಖಾಲಿ. ಕಿಟಕಿಯ ಹತ್ತಿರ ಹಿಡಿದು ಒತ್ತಿದರು. ಖಾಲಿ. ತಿರುಗಿಸಿ ಸೆಲ್ಲು ಹಾಕುವ ಬಾಗಿಲು ಹುಡುಕಿದರೆ ಬಾಗಿಲೇ ಇಲ್ಲ. ಕಸಬರಿಕೆ ಹಿಡಿದು ಬಂದ ಬೆಟ್ಟಮ್ಮನಿಗೆ ಕಂಡದ್ದು ಬೆವೆತ ಹೆಡ್‌ಮಾಸ್ತರು.

“ಸತ್ತೋಗಿದೆ ಬೆಟ್ಟಮ್ಮ. ಮುಟ್ಟದೇ ಇದ್ರೂ ಸತ್ತೋಗಿದೆ.”

“ಮುಟ್ನಿಲ್ಲ ಅಂತ್ಲೇ ಸತ್ತಿರ್ಬೋದು.”

“ತಮಾಷೆ ಬೇಡ. ಯಾರಿಗೂ ಹೇಳ್ಬೇಡ.”

“ನಾನ್ಯಾರ್ಗೇಳ್ಲಿ. ಪೇಟೇಲಿ ವಾಹಿದ್ ಸಾಬ್ರು ಅವ್ರೆ, ಬಸ್ ಸ್ಟ್ಯಾಂಡ್ ಪಕ್ದಲ್ಲಿ. ನಮ್ಮ ರೇಡಿಯೋನ ಮೂರ್ ಸಲ ಬದುಕ್ಸವ್ರೆ. ನಾಳೆ ಶನ್ವಾರ, ಬೆಳಗ್ಗಿನ್ ಸ್ಕೂಲು. ಬೆಲ್ ಹೊಡೆದ್ಮೇಲೆ ಹೋಗವ. ನಂಗೂ ಸೀರೆಗೆ ಫಾಲ್ಸ್ ತರ್ಬೇಕು.”

ಅಬ್ದುಲ್ ವಾಹಿದರ ಅಂಗಡಿ ಒಂದು ಮೇಜು, ಒಂದು ಬಲ್ಬು, ಹೊಟ್ಟೆ ಬಿಚ್ಚಿಕೊಂಡ ಹತ್ತು ರೇಡಿಯೋಗಳು. ಚಲುವಯ್ಯನವರು ಕರವಸ್ತ್ರದ ಗಂಟು ಬಿಚ್ಚಿ ಯಂತ್ರವನ್ನು ಮೇಜಿನ ಮೇಲಿಟ್ಟರು. ವಾಹಿದ್ ಅದನ್ನು ನೋಡಿದರು. ಹಿಂದೆ ಮುಂದೆ ತಿರುಗಿಸಿದರು. ಆಮೇಲೆ ಮೇಷ್ಟ್ರ ಮುಖ ನೋಡಿದರು.

“ಪೂಜೆ ಯಾರ್ ಮಾಡಿದ್ದು?”

“ನಾನೇ. ಯಾಕೆ?”

“ಭೇಷಾಗಿ ಮಾಡಿದ್ದೀರಿ. ಅರೆ ಅಲ್ಲಾ, ಇಷ್ಟ್ ಗಂಧ ಮದುವೇಲೂ ಬಳಿಯಲ್ಲ.” ಒದ್ದೆ ಹತ್ತಿಯಿಂದ ಕಪ್ಪು ಪಟ್ಟಿಯನ್ನು ಮೂರು ಸಲ ಉಜ್ಜಿ, ಯಂತ್ರವನ್ನು ಬೀದಿಯ ಬಿಸಿಲಿಗೆ ಒಡ್ಡಿದರು. ಪರದೆಯ ಮೇಲೆ ‘6 + 3’ ಎಂಬ ಲೆಕ್ಕ ಮೂಡಿತು. ವಾಹಿದ್ ಒಂಬತ್ತು ಒತ್ತಿದರು. ಕಪ್ಪೆ ನೆಗೆಯಿತು.

ಚಲುವಯ್ಯನವರು ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟರು.

“ಇದು ಹಣೆ ಅಲ್ಲ ಮೇಷ್ಟ್ರೇ, ಬಾಯಿ. ಬೆಳಕು ತಿನ್ನೋ ಬಾಯಿ. ಸೆಲ್ಲಿಲ್ಲ, ಕರೆಂಟಿಲ್ಲ, ಬೆಳಕೇ ಇದಕ್ಕೆ ಊಟ. ನೀವು ಬಾಯಿಗೆ ಗಂಧ ಮೆತ್ತಿ ಬೀರುವಲ್ಲಿ ಮಡಗಿದ್ರಿ.”

ಬೆಟ್ಟಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳ ತಲೆ ಬೇರೆ ಕಡೆ ಓಡುತ್ತಿತ್ತು.

“ಸಾಬ್ರೇ, ಅವರೆಕಾಳು ಬಿಸ್ಲು ಕಾಣ್ದಿದ್ರೆ ಹುಳ ಬೀಳ್ತದೆ. ಇದೂ ಅಂಗೇನಾ?”

ಇಂಥ ಯಂತ್ರ ವರ್ಷಗಟ್ಟಲೆ ಕತ್ತಲಲ್ಲಿದ್ದರೂ ಏನೂ ಆಗುವುದಿಲ್ಲವೆಂದು ವಾಹಿದರಿಗೆ ಗೊತ್ತಿತ್ತು. ಹೇಳಲು ಬಾಯಿ ತೆರೆದರು. ಬೆಟ್ಟಮ್ಮ ಮೇಷ್ಟ್ರ ಬೆನ್ನ ಹಿಂದಿನಿಂದ ಕಣ್ಣು ಮಿಟುಕಿಸಿದಳು. ಇಪ್ಪತ್ತು ವರ್ಷ ಗಿರಾಕಿಗಳ ಮುಖ ಓದಿದ ಮನುಷ್ಯ. ಅರ್ಧ ಗಳಿಗೆ ಸಾಕಾಯಿತು.

“ಅವರೆಕಾಳಿಗಿಂತ ಕಡೆ ಇದು. ದಿನಾ ಒಂದ್ ಗಂಟೆ ಬಿಸ್ಲು ಬೇಕೇ ಬೇಕು. ಬರೀ ಬಿಸ್ಲಿಗಿಟ್ರೆ ಸಾಲ್ದು ಮೇಷ್ಟ್ರೇ, ಗುಂಡೀನೆಲ್ಲ ಒತ್ತಬೇಕು. ಒತ್ತದೇ ಇದ್ರೆ ಒಳಗಿನ ರಬ್ಬರು ಹಿಡ್ಕೊಂಡ್ಬುಡ್ತದೆ. ಆಮೇಲೆ ನನ್ ಹತ್ರ ತಂದ್ರೆ ನಾನೇನೂ ಮಾಡಕಾಗಲ್ಲ.”

“ದಿನಾನಾ?”

“ಭಾನುವಾರ ಬುಡಿ, ಪರವಾಗಿಲ್ಲ.”

“ನಾನು ಪಾಠ ಬಿಟ್ಟು ಇದರ ಗುಂಡಿ ಒತ್ತುತಾ ಕೂರೋಕಾಗ್ತದಾ?”

“ನೀವ್ಯಾಕೆ ಒತ್ತೀರಿ ಸಾ,” ಎಂದಳು ಬೆಟ್ಟಮ್ಮ ಬಹಳ ಸಾವಧಾನವಾಗಿ. “ಐಕ್ಳಿಲ್ವಾ?”

ಸೋಮವಾರದ ಸೂಚನಾ ಪುಸ್ತಕದಲ್ಲಿ ಚಲುವಯ್ಯನವರ ಗುಂಡು ಅಕ್ಷರದಲ್ಲಿ ಹೀಗೆ ಬರೆದಿತ್ತು: ‘ಗಣಿತದ ಕೈಯಾಟಿಕೆಯನ್ನು ಪ್ರತಿದಿನ ಹನ್ನೊಂದರಿಂದ ಹನ್ನೆರಡು ಗಂಟೆಯವರೆಗೆ ಬಿಸಿಲಿನಲ್ಲಿರಿಸತಕ್ಕದ್ದು. ವಿದ್ಯಾರ್ಥಿಗಳು ಸರದಿಯಲ್ಲಿ ಎಲ್ಲಾ ಗುಂಡಿಗಳನ್ನು ಒತ್ತತಕ್ಕದ್ದು. ಇದು ಯಂತ್ರದ ರಕ್ಷಣೆಗಾಗಿ.’

ರಕ್ಷಣೆ ಜೋರಾಗಿ ನಡೆಯಿತು. ಅಂಗಳದಲ್ಲಿ ಕಲ್ಲುಬೆಂಚಿನ ಮೇಲೊಬ್ಬರು, ಅವರ ಹಿಂದೆ ಸಾಲು. ಒಬ್ಬರಿಗೆ ಒಂದು ದಾಟು. ಕಪ್ಪೆ ನೀರಿಗೆ ಬಿದ್ದರೆ ಎದ್ದು ಸಾಲಿನ ಕೊನೆಗೆ ಹೋಗಬೇಕು. ಈ ನಿಯಮ ಮಾಡಿದ್ದು ಮಾನಸ. ಸಾಲಿನಲ್ಲಿ ನಿಂತವರು ಸುಮ್ಮನಿರುತ್ತಾರೆಯೇ? ಮುಂದಿನವನು ತಡವರಿಸಿದರೆ ಹಿಂದಿನಿಂದ ಹತ್ತು ಬಾಯಿ ಉತ್ತರ ಕೂಗುತ್ತಿದ್ದವು. ಅದರಲ್ಲಿ ನಾಲ್ಕು ತಪ್ಪು ಇರುತ್ತಿದ್ದವು. ಯಾರ ಮಾತು ನಂಬುವುದು ಎಂಬ ಸಂಕಟದಲ್ಲಿ ಆಡುವವನೇ ಲೆಕ್ಕ ಮಾಡಬೇಕಾಗುತ್ತಿತ್ತು. ಐದನೇ ತರಗತಿಯ ನಾಗರಾಜು ಮಗ್ಗಿಯ ಹೊತ್ತಿಗೆ ಹಿಂದಿನ ಕಿಟಕಿ ಹಾರಿ ಹೋಗುವ ಗಿರಾಕಿ. ಹದಿನೈದು ದಿನ ಅವನ ಕಪ್ಪೆ ಮೂರನೇ ಕಲ್ಲು ದಾಟಲಿಲ್ಲ.

“ಲೇ ನಾಗರಾಜ, ನಿನ್ ಕಪ್ಪೇಗೆ ಈಜು ಕಲ್ಸ್ಲಾ, ದಿನಾ ನೀರಲ್ಲೇ ಇರ್ತದೆ!”

ಅವನು ಯಾರಿಗೂ ಹೇಳದೆ ಏಳು, ಎಂಟರ ಮಗ್ಗಿಯನ್ನು ದನ ಕಾಯುವಾಗ ಬಾಯಿಪಾಠ ಮಾಡಿದ. ಡಿಸೆಂಬರಿನ ಒಂದು ದಿನ ಅವನ ಕಪ್ಪೆ ದಡ ಸೇರಿ ರಾಗ ಹಾಡಿದಾಗ ಅಂಗಳದಲ್ಲಿ ಎದ್ದ ಕೂಗಿಗೆ ಎದುರು ಮನೆಯವರು ಹಾವು ಬಂತೆಂದು ಕೋಲು ಹಿಡಿದು ಬಂದರು.

ಸಂಕ್ರಾಂತಿಯ ಹೊತ್ತಿಗೆ ಚಲುವಯ್ಯನವರು ತಮ್ಮ ಮನೆಯ ರೇಡಿಯೋ ಹಿಡಿದುಕೊಂಡು ವಾಹಿದರ ಅಂಗಡಿಗೆ ಹೋಗಿದ್ದರು. ವಾಹಿದರಿಗೆ ಮನಸ್ಸು ತಡೆಯಲಿಲ್ಲ. “ಮೇಷ್ಟ್ರೇ, ಮಾಫ್ ಮಾಡಿ. ಆ ಮಿಷೀನು ಬೀರೂಲಿದ್ರೂ ಏನೂ ಆಗ್ತಿರ್ಲಿಲ್ಲ,” ಎಂದು ಹೇಳಿಬಿಟ್ಟರು.

ಮರುದಿನ ಹನ್ನೊಂದು ಗಂಟೆಗೆ ಹೆಡ್‌ಮಾಸ್ತರು ಬೀರುವಿನ ಬೀಗದಕೈ ಹಿಡಿದು ಜಗಲಿಯಲ್ಲಿ ನಿಂತರು. ಸಾಲು ಎಂದಿನಂತೆ ಕಲ್ಲುಬೆಂಚಿನಿಂದ ಬಾವಿಕಟ್ಟೆವರೆಗೆ ಇತ್ತು. ಒಂದನೇ ತರಗತಿಯ ಹುಡುಗಿಯ ಕೈಹಿಡಿದು ನಾಗರಾಜು ಗುಂಡಿ ತೋರಿಸುತ್ತಿದ್ದ. ಅವರು ಬಹಳ ಹೊತ್ತು ನೋಡಿದರು. ಬೆಟ್ಟಮ್ಮ ನೀರಿನ ಬಿಂದಿಗೆ ಹೊತ್ತು ಪಕ್ಕದಲ್ಲೇ ಹಾದಳು.

“ಬೆಟ್ಟಮ್ಮ, ಅವರೆಕಾಳಿಗೆ ಹುಳ ಬಿತ್ತಾ?”

ಮೇಷ್ಟ್ರಿಗೆ ಗೊತ್ತಾಗಿದೆ ಎಂದು ಅವಳಿಗೆ ಗೊತ್ತಾಯಿತು. “ಬಿಸ್ಲಿಗೆ ಹಾಕ್ತಾವ್ರಲ್ಲ ಸಾ. ಬೀಳಕಿಲ್ಲ.”

ಅವರು ಬೀಗದಕೈಯನ್ನು ಜೇಬಿಗೆ ಹಾಕಿಕೊಂಡು ಒಳಗೆ ಹೋದರು.

ಆದರೆ ಫೆಬ್ರವರಿ ಬಂದೇ ಬಂತು. ಪಾಂಡವಪುರದಿಂದ ವರ್ಗವಾಗಿ ಬಂದ ಹೊಸ ಮುಖ್ಯೋಪಾಧ್ಯಾಯಿನಿ ಮಂಗಳಮ್ಮ ಮೂಗಿನ ತುದಿಯಲ್ಲಿ ಕನ್ನಡಕ ಇಟ್ಟುಕೊಂಡು ದಾಸ್ತಾನು ಪುಸ್ತಕದ ಒಂದೊಂದೇ ಸಾಲಿಗೆ ಬೆರಳಿಟ್ಟು ಕೇಳಿದರು. ನಕಾಶೆ ಮೂರು, ಇವೆ. ಹಾರ್ಮೋನಿಯಂ, ಇದೆ. ಭೂಗೋಳ, ಬಿಚ್ಚಿ ತೋರಿಸಿದರು, ಕಂಪೆನಿಯ ಬಣ್ಣ ಮಾಸಿರಲಿಲ್ಲ.

“ಗಣಿತದ ಕೈಯಾಟಿಕೆ. ಸ್ಥಿತಿ ಹೊಸದು. ಎಲ್ಲಿ ಸಾರ್?”

“ಹೊರಗಿದೆ.”

ಇಬ್ಬರೂ ಅಂಗಳಕ್ಕೆ ಬಂದರು. ಮಾನಸ ಎದ್ದು ಯಂತ್ರವನ್ನು ಎರಡು ಕೈಯಲ್ಲೂ ಹಿಡಿದು ಕೊಟ್ಟಳು. ಮಂಗಳಮ್ಮ ಕನ್ನಡಕ ಮೇಲೆ ಸರಿಸಿದರು. ಹಸಿರು ಬಣ್ಣ ಅಂಚಿನಲ್ಲೆಲ್ಲ ಬೆಳ್ಳಗಾಗಿತ್ತು. ಗುಂಡಿಗಳ ಮೇಲೆ ಒಂದೇ ಒಂದು ಅಂಕಿ ಉಳಿದಿರಲಿಲ್ಲ; ನೂರಹತ್ತು ಮಕ್ಕಳ ಹೆಬ್ಬೆರಳು ಮೂರೂವರೆ ತಿಂಗಳಲ್ಲಿ ಎಲ್ಲವನ್ನೂ ಅಳಿಸಿತ್ತು.

“ಇದನ್ನ ಹೊಸದು ಅಂತ ಹ್ಯಾಗೆ ತಗೊಳ್ಳಲಿ ಸಾರ್? ಅಂಕಿಗಳೇ ಇಲ್ಲ. ಇದರಲ್ಲಿ ಆಡೋದಾದ್ರೂ ಹ್ಯಾಗೆ?”

ಚಲುವಯ್ಯನವರ ಕಣ್ಣ ಮುಂದೆ ಕೊಡೆ ಹಿಡಿದ ಆ ಮುದುಕರು ಬಂದು ನಿಂತರು. ಮಕ್ಕಳಿಗೆ ಅದು ತಿಳಿಯಲಿಲ್ಲ.

“ಆಡ್ಬೋದು ಮಿಸ್,” ಎಂದು ಮಾನಸ ಕೂತೇಬಿಟ್ಟಳು. ಪರದೆಯಿಂದ ಕಣ್ಣು ಕದಲಿಸದೆ ಟಕಟಕ ಒತ್ತಿದಳು. ಹತ್ತು ಕಲ್ಲು, ದಡ, ರಾಗ. “ನೀವ್ ಆಡಿ ಮಿಸ್.”

ಮಂಗಳಮ್ಮ ಬೇಡವೆನ್ನುತ್ತಲೇ ಕೂತರು. ಒಂಬತ್ತು ಎಂಟಲ. ಉತ್ತರ ಗೊತ್ತು, ಏಳು ಎಲ್ಲಿದೆಯೋ ಗೊತ್ತಿಲ್ಲ. ಒಂದು ಗುಂಡಿ ಒತ್ತಿದರು. ಕೊಂಯ್.

“ಅದು ನಾಕು ಮಿಸ್! ಏಳು ಅದ್ರ ಮೇಗಳ್ದು!” ಎಂದು ಸಾಲಿಗೆ ಸಾಲೇ ಕೂಗಿತು.

“ಬಿದ್ರೆ ಎದ್ದೋಗ್ಬೇಕು ಮಿಸ್,” ಎಂದ ನಾಗರಾಜು, ವಿನಯದಿಂದಲೇ.

“ತಡಿಯೋ, ಇನ್ನೊಂದೇ ಸಲ,” ಎಂದರು ಮಂಗಳಮ್ಮ. ನಾಲ್ಕು ಸಲವಾಯಿತು. ನಾಲ್ಕನೆಯದಕ್ಕೆ ಆರನೇ ಕಲ್ಲು ಮುಟ್ಟಿ, ನಗುತ್ತಾ ಎದ್ದು, ಮತ್ತೆ ಅಧಿಕಾರದ ಮುಖ ಮಾಡಿಕೊಂಡರು. “ಆಟ ಚೆನ್ನಾಗಿದೆ. ಆದ್ರೆ ಪುಸ್ತಕದಲ್ಲಿ ಹೊಸದು ಅಂತಿದೆಯಲ್ಲ ಸಾರ್. ನಾಳೆ ಸಾಹೇಬರು ಬಂದು ನನ್ನ ಕೇಳ್ತಾರೆ.”

ಚಲುವಯ್ಯನವರು ಬೆಟ್ಟಮ್ಮನ ಕೈಲಿ ಪುಸ್ತಕ ತರಿಸಿದರು. ಕಲ್ಲುಬೆಂಚಿನ ಮೇಲೆಯೇ ಬಿಚ್ಚಿ, ಪೆನ್ನು ತೆಗೆದರು. ಅವರ ಕೈಯಿಂದ ಆ ಪುಸ್ತಕದಲ್ಲಿ ಹನ್ನೊಂದು ವರ್ಷದಿಂದ ಒಂದು ಕಾಟು ಬಿದ್ದಿರಲಿಲ್ಲ. ‘ಹೊಸದು’ ಎಂಬುದರ ಮೇಲೆ ಅಡ್ಡ ಗೀಟು ಎಳೆದರು. ಪಕ್ಕದಲ್ಲಿ ಬರೆದರು: ‘ನನ್ನ ಆದೇಶದಂತೆ ಮಕ್ಕಳು ದಿನವೂ ಬಳಸಿ ಅಂಕಿಗಳು ಸವೆದಿವೆ. ಚೆನ್ನಾಗಿ ಕೆಲಸ ಮಾಡುತ್ತಿದೆ.’ ಕೆಳಗೆ ರುಜು, ತಾರೀಖು.

“ಏನಾದ್ರೂ ಬಂದ್ರೆ ಉತ್ತರ ನಾನು ಕೊಡ್ತೀನಿ. ಈಗ ತಗೊಳ್ತೀರಾ?”

ಮಂಗಳಮ್ಮ ಎರಡು ಸಲ ಓದಿದರು. “ಇದ್ದದ್ದು ಇದ್ದ ಹಾಗೆ ಬರೆದಿದ್ದೀರಿ. ತಗೊಳ್ಳದೆ ಏನು,” ಎಂದು ಕೆಳಗೆ ತಮ್ಮ ರುಜು ಹಾಕಿದರು.

ಚಲುವಯ್ಯನವರು ಪೆನ್ನಿನ ಮುಚ್ಚಳ ಹಾಕಿ, ಕತ್ತು ಒರೆಸಿಕೊಂಡರು. ಆಮೇಲೆ ಮಾನಸಳತ್ತ ಕೈ ಚಾಚಿದರು.

“ಕೊಡಮ್ಮ ಇಲ್ಲಿ. ಇಷ್ಟು ದಿನ ಆದ್ರೂ ನಾನೊಂದು ಸಲಾನೂ ಆಡಿಲ್ಲ.”

ಮಾನಸ ಅಜ್ಜಿಯ ಮುಖ ನೋಡಿದಳು, ಹೊಸ ಮಿಸ್ಸಿನ ಮುಖ ನೋಡಿದಳು. ಯಂತ್ರವನ್ನು ಎದೆಗೆ ಒತ್ತಿಕೊಂಡಳು.

“ಸಾಲಲ್ಲಿ ಬರ್ಬೇಕು ಸಾ.”

ಬೆಟ್ಟಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಹೆಡ್‌ಮಾಸ್ತರು ಹೆಗಲ ಮೇಲಿನ ವಲ್ಲಿಯನ್ನು ತಲೆಗೆ ಹಾಕಿಕೊಂಡು ಬಾವಿಕಟ್ಟೆಯ ಕಡೆ ನಡೆದು, ಸಾಲಿನ ಕೊನೆಯಲ್ಲಿ, ಎರಡನೇ ತರಗತಿಯ ಒಬ್ಬ ಗಿಡ್ಡ ಹುಡುಗನ ಹಿಂದೆ ನಿಂತರು. ಮುಂದೆ ಹದಿನಾರು ಜನ ಇದ್ದರು. ಬಿಸಿಲು ಚೆನ್ನಾಗಿತ್ತು.